ಹಳ್ಳದ ಕಪ್ಪೆಗೆ ಊರಿನ ಹೆಸರು

ಮೂಡಿಗೆರೆಯಿಂದ ಚಾರ್ಮಾಡಿಯ ಕಡೆಗೆ ಹೊರಟ ಬಸ್ಸು ಬಣಕಲ್ಲನ್ನು ದಾಟಿದ ಮೇಲೆ ಕೊಟ್ಟಿಗೆಹಾರದಲ್ಲಿ ನಿಲ್ಲುತ್ತದೆ. ಧರ್ಮಸ್ಥಳಕ್ಕೆ ಹೊರಟ ಯಾತ್ರಿಕರು ಇಲ್ಲಿ ಇಳಿದು, ಬಿಸಿಬಿಸಿ ನೀರುದೋಸೆ ತಿಂದು, ಕಾಫಿ ಕುಡಿದು, ಘಟ್ಟವಿಳಿಯುವುದಕ್ಕೆ ಮೈಮನಗಳನ್ನು ಸಿದ್ಧಪಡಿಸಿಕೊಳ್ಳುತ್ತಾರೆ. ಕಳಸ, ಹೊರನಾಡುಗಳಿಗೆ ಹೋಗುವವರ ದಾರಿ ಇಲ್ಲಿಂದ ಬೇರೆಯಾಗುತ್ತದೆ. ಹತ್ತು ನಿಮಿಷ ನಿಂತು ಹೋಗುವ ಪಯಣಿಗನ ಪಾಲಿಗೆ ಕೊಟ್ಟಿಗೆಹಾರವೆಂದರೆ ನಾಲ್ಕು ಹೋಟೆಲು, ಒಂದು ಕೂಡುರಸ್ತೆ, ಮುಖಕ್ಕೆ ತಗಲುವ ಮಂಜು, ಇಷ್ಟೆ. ಆದರೆ ಈ ಪುಟ್ಟ ಊರಿನ ಹೆಸರು 1937ರಿಂದೀಚೆಗೆ ಲೋಕದ ಪ್ರಾಣಿಶಾಸ್ತ್ರ ಗ್ರಂಥಗಳಲ್ಲೆಲ್ಲ ಸ್ಥಿರವಾಗಿ ನಿಂತಿದೆ. ಲಂಡನ್ನಿನ ವಿದ್ವಾಂಸನಾಗಲಿ, ಟೋಕಿಯೋದ ವಿದ್ವಾಂಸನಾಗಲಿ, ಪಶ್ಚಿಮಘಟ್ಟದ ಕಪ್ಪೆಗಳ ಮಾತೆತ್ತಿದರೆ ಕೊಟ್ಟಿಗೆಹಾರದ ಹೆಸರನ್ನು ಹೇಳದೆ ಮುಂದಕ್ಕೆ ಹೋಗಲಾರ.

ಆ ಗೌರವವನ್ನು ಊರಿಗೆ ತಂದುಕೊಟ್ಟದ್ದು ಒಂದು ಅಂಗುಲದ ಆಸುಪಾಸಿನ ಒಂದು ಕಪ್ಪೆ. ನೆರಳು ಕವಿದ ಕಾಡಿನ ಹಳ್ಳಗಳಲ್ಲಿ, ನೀರು ಸಿಡಿಯುವ ಕಲ್ಲುಗಳ ಮೇಲೆ ಅದರ ವಾಸ. ಕಲ್ಲಿನ ಬಣ್ಣವೇ ಅದರ ಮೈಬಣ್ಣವಾದುದರಿಂದ, ಅದು ಅಲುಗಾಡದೆ ಕುಳಿತಿದ್ದರೆ ಪಕ್ಕದಲ್ಲಿ ನಿಂತವನ ಕಣ್ಣಿಗೂ ಬೀಳದು. ಶಾಸ್ತ್ರದಲ್ಲಿ ಅದರ ಹೆಸರು ‘ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್’. ಲ್ಯಾಟಿನ್ ಭಾಷೆಯಲ್ಲಿ ‘ಎನ್ಸಿಸ್’ ಎಂಬ ಪ್ರತ್ಯಯಕ್ಕೆ ‘ಆ ಊರಿನದು’ ಎಂದು ಅರ್ಥ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂದು ಹೇಳುವಾಗ ನಾವು ಊರನ್ನು ಹೆಸರಿನ ಮುಂದೆ ಇಡುತ್ತೇವೆ. ಪ್ರಾಣಿಶಾಸ್ತ್ರಜ್ಞರು ಅದನ್ನು ಹಿಂದೆ ಇಡುತ್ತಾರೆ. ಎರಡು ಕಡೆಯೂ ಉದ್ದೇಶ ಒಂದೇ. ಇವನು ಎಲ್ಲಿಯವನು ಎಂಬ ಪ್ರಶ್ನೆಗೆ ಹೆಸರೇ ಉತ್ತರ ಕೊಡಬೇಕು.

ರಾಯರ ಪರಿಶೋಧನೆ

ಈ ಹೆಸರನ್ನಿಟ್ಟವರು ಸಿ. ಆರ್. ನಾರಾಯಣರಾಯರು. 1882ರಲ್ಲಿ ಹುಟ್ಟಿ 1960ರಲ್ಲಿ ಕಾಲವಾದ ಈ ವಿದ್ವಾಂಸರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕರಾಗಿದ್ದರು. 1932ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ದೇಶದ ವಿಜ್ಞಾನಿಗಳು ತಮ್ಮ ಸಂಶೋಧನೆಯನ್ನು ಪ್ರಕಟಿಸಲು ಹೊರದೇಶದ ಪತ್ರಿಕೆಗಳ ಬಾಗಿಲು ಕಾಯುತ್ತಿದ್ದ ಕಾಲದಲ್ಲಿ ಅಂಥದೊಂದು ಪತ್ರಿಕೆಯನ್ನು ನಡೆಸುವುದು ಸಣ್ಣ ಕೆಲಸವಾಗಿರಲಿಲ್ಲ. ಆ ಕೆಲಸದ ನಡುವೆಯೂ ರಾಯರು ಮಲೆನಾಡಿನ ಕಪ್ಪೆಗಳನ್ನು ಬಿಡಲಿಲ್ಲ. ಕೊಡಗಿನಲ್ಲಿ ಕಾವೇರಿ ಹುಟ್ಟುವ ಪವಿತ್ರ ಜೌಗುನೆಲದ ಒಂದು ಕಪ್ಪೆಯನ್ನು 1920ರಲ್ಲಿಯೇ ವರ್ಣಿಸಿ ಅದಕ್ಕೆ ‘ಸ್ಯಾಂಕ್ಟಿಪಲಸ್ಟ್ರಿಸ್’, ಅಂದರೆ ‘ಪುಣ್ಯಜೌಗಿನದು’, ಎಂದು ಹೆಸರಿಟ್ಟಿದ್ದರು. ಕಾವೇರಿಯ ಮೂಲದಲ್ಲಿ ಜನ ಕಾಣುವ ಪಾವಿತ್ರ್ಯವನ್ನು ಒಂದು ಲ್ಯಾಟಿನ್ ಪದದೊಳಗೆ ಇಟ್ಟು ಕಾಪಾಡಿದ ಅವರ ರಸಿಕತೆ ಮೆಚ್ಚತಕ್ಕದ್ದು.

1934ರಲ್ಲಿ ಸರ್ ಸಿ. ವಿ. ರಾಮನ್ನರು ಬೆಂಗಳೂರಿನಲ್ಲಿ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಸಂಸ್ಥೆಯನ್ನು ಸ್ಥಾಪಿಸಿದರಷ್ಟೆ. ಆ ಸಂಸ್ಥೆಯ ನಡವಳಿಗಳಲ್ಲಿ 1937ರಲ್ಲಿ ರಾಯರು ದಕ್ಷಿಣ ಭಾರತದ ಕಪ್ಪೆಗಳ ಹೊಸ ರೂಪಗಳನ್ನು ಕುರಿತು ಒಂದು ಪ್ರಬಂಧ ಪ್ರಕಟಿಸಿದರು. ಸಕಲೇಶಪುರದ ಸೀಮೆಯ ಕೆಂಪುಹೊಳೆಯ ಕಪ್ಪೆಗಳು ಅದರಲ್ಲಿವೆ. ಒಂದಕ್ಕೆ ಆ ಹೊಳೆಯ ಹೆಸರೇ ಇದೆ. ಆಗ ಕಡೂರು ಜಿಲ್ಲೆ ಎನಿಸಿಕೊಂಡಿದ್ದ ನಮ್ಮ ಚಿಕ್ಕಮಗಳೂರು ಸೀಮೆಯಿಂದ ಕೊಟ್ಟಿಗೆಹಾರದ ಕಪ್ಪೆ ಅದರಲ್ಲಿ ಸ್ಥಾನ ಪಡೆಯಿತು.

ಮೂಡಿಗೆರೆಯ ತೋಟದ ನಡುವೆ ಬಾಳಿದ ಪೂರ್ಣಚಂದ್ರ ತೇಜಸ್ವಿಯವರು 1980ರಲ್ಲಿ ‘ಕರ್ವಾಲೊ’ವನ್ನು ಪ್ರಕಟಿಸಿದಾಗ, ಒಂದು ಹಾರುವ ಓತಿಯನ್ನರಸಿ ಕಾಡು ಹೊಗುವ ವಿಜ್ಞಾನಿಯ ಚಿತ್ರ ಕನ್ನಡಿಗರ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿತು. ಆ ಕಥೆಗೆ ನಾಲ್ಕು ದಶಕ ಮೊದಲೇ, ಅದೇ ಸೀಮೆಯ ಒಂದು ಹಳ್ಳದ ಜೀವ ಅಂಥ ಹುಡುಕಾಟಕ್ಕೆ ಸಿಕ್ಕಿ ಶಾಸ್ತ್ರದೊಳಕ್ಕೆ ಪ್ರವೇಶಿಸಿತ್ತೆಂಬುದನ್ನು ಬಲ್ಲವರು ವಿರಳ.

ವರ್ಣನೆಯೆಂದರೇನು?

ಹೊಸ ಪ್ರಭೇದವನ್ನು ಕಂಡುಹಿಡಿಯುವುದು ಎಂಬ ಮಾತನ್ನು ನಾವು ಪತ್ರಿಕೆಗಳಲ್ಲಿ ಓದುತ್ತೇವೆ. ಕೊಟ್ಟಿಗೆಹಾರದ ಮಕ್ಕಳು ಆ ಕಪ್ಪೆಯನ್ನು ಕಂಡಿರಲಿಲ್ಲವೆ? ಹಳ್ಳದಲ್ಲಿ ಏಡಿ ಹಿಡಿಯಲು ಹೋದವರ ಕೈಗೆ ಅದು ಸಿಕ್ಕಿರಲಿಲ್ಲವೆ? ಸಿಕ್ಕಿರಲೇಬೇಕು. ಕಾಣುವುದು ಬೇರೆ, ವರ್ಣಿಸುವುದು ಬೇರೆ. ಶಾಸ್ತ್ರಜ್ಞನು ವರ್ಣಿಸುವುದೆಂದರೆ ಅದು ಒಂದು ವಿಧದ ಸಾಕ್ಷ್ಯ ನುಡಿಯುವ ಕೆಲಸ. ನ್ಯಾಯಾಲಯದ ಸಾಕ್ಷ್ಯದಂತೆಯೇ ಅದಕ್ಕೂ ಕಟ್ಟುಪಾಡುಗಳಿವೆ.

ಮೊದಲನೆಯದಾಗಿ, ಕೈಗೆ ಸಿಕ್ಕ ಪ್ರಾಣಿಯ ಬಂಧುಬಳಗವನ್ನೆಲ್ಲ ವಿಚಾರಿಸಬೇಕು. ಇದುವರೆಗೆ ಹೆಸರಿಟ್ಟಿರುವ ಸಮೀಪದ ಜಾತಿಗಳಲ್ಲಿ ಇದು ಯಾವುದೂ ಅಲ್ಲವೆಂದು ತೋರಿಸಬೇಕು. ಅದಕ್ಕಾಗಿ ಮೂತಿಯ ಉದ್ದ, ಕಣ್ಣುಗಳ ನಡುವಣ ಅಂತರ, ತೊಡೆಯ ಅಳತೆ, ಬೆರಳ ತುದಿಯ ಬಿಲ್ಲೆಯ ಅಗಲ, ಕಾಲ್ಬೆರಳುಗಳ ನಡುವೆ ಜಾಲಪೊರೆ ಎಲ್ಲಿಯವರೆಗೆ ಚಾಚಿದೆ ಎಂಬುದು, ಎಲ್ಲವನ್ನೂ ಅಳೆದು ಬರೆಯಬೇಕು. ಅಂಥ ಬರವಣಿಗೆಯಲ್ಲಿ ಅಲಂಕಾರಕ್ಕೆ ಎಡೆಯಿಲ್ಲ. ‘ಮೂತಿ ಚೂಪು’ ಎಂದರೆ ಸಾಲದು; ಯಾವುದಕ್ಕಿಂತ ಚೂಪು, ಎಷ್ಟು ಚೂಪು ಎಂಬುದು ತಿಳಿಯಬೇಕು. ಒಂದು ಜೀವಕ್ಕೂ ಅದರ ನೆರೆಯ ಜೀವಕ್ಕೂ ನಡುವೆ ಹಾಕುವ ಬೇಲಿಯಲ್ಲಿ ಪ್ರತಿಯೊಂದು ಪದವೂ ಒಂದೊಂದು ಗೂಟ.

ಎರಡನೆಯದಾಗಿ, ವರ್ಣನೆಗೆ ಆಧಾರವಾದ ಒಂದು ಪ್ರಾಣಿಯನ್ನು ‘ಮೂಲ ಮಾದರಿ’ ಎಂದು ಸಾರಿ, ಸಂಗ್ರಹಾಲಯದಲ್ಲಿ ಮದ್ಯಸಾರದ ಸೀಸೆಯೊಳಗೆ ಕಾಪಾಡಿ ಇಡಬೇಕು. ಎಲ್ಲಿ ಸಿಕ್ಕಿತು, ಯಾವಾಗ ಸಿಕ್ಕಿತು, ಯಾರು ಹಿಡಿದರು ಎಂಬ ಚೀಟಿ ಅದಕ್ಕಿರಬೇಕು. ಮುಂದೆ ಎಂದಾದರೂ ಸಂದೇಹ ಹುಟ್ಟಿದರೆ, ಬರೆದ ಮಾತಿಗಿಂತ ಆ ಸೀಸೆಯೊಳಗಿನ ದೇಹವೇ ಪ್ರಮಾಣ. ಅಂಗಡಿಯ ತಕ್ಕಡಿಯ ಮೇಲೆ ಸಂದೇಹ ಬಂದರೆ ಸರ್ಕಾರದ ಮೊಹರು ಬಿದ್ದ ತೂಕದ ಕಲ್ಲನ್ನು ತರಿಸಿ ನೋಡುವುದಿಲ್ಲವೆ, ಹಾಗೆ. ಮೂರನೆಯದಾಗಿ, ಇದೆಲ್ಲವನ್ನೂ ಅಚ್ಚುಮಾಡಿ ಲೋಕದ ಮುಂದಿಡಬೇಕು. 1758ರಲ್ಲಿ ಸ್ವೀಡನ್ನಿನ ಲಿನೇಯಸ್ ಪ್ರಕಟಿಸಿದ ಗ್ರಂಥದ ಹತ್ತನೆಯ ಆವೃತ್ತಿಯಿಂದ ಪ್ರಾಣಿಗಳ ನಾಮಕರಣದ ಲೆಕ್ಕ ಆರಂಭವಾಗುತ್ತದೆ. ಅಂದಿನಿಂದ ಇಂದಿನವರೆಗೆ ಮೊದಲು ಇಟ್ಟ ಹೆಸರಿಗೇ ಮನ್ನಣೆ.

ಕಂಸದೊಳಗಣ ಇತಿಹಾಸ

ರಾಯರು 1937ರಲ್ಲಿ ಈ ಕಪ್ಪೆಯನ್ನು ‘ಫಿಲಾಟಸ್’ ಎಂಬ ಕುಲಕ್ಕೆ ಸೇರಿಸಿದ್ದರು. ಅದು ಪೊದೆಗಪ್ಪೆಗಳ ಕುಲ. ಬೆರಳ ತುದಿ ಬಿಲ್ಲೆಯಂತೆ ಅಗಲವಾಗಿರುವ ಸಣ್ಣ ಕಪ್ಪೆಗಳು ಪೊದೆಯಲ್ಲಿಯೂ ಇವೆ, ಹಳ್ಳದ ಕಲ್ಲಿನ ಮೇಲೆಯೂ ಇವೆ. ಎಲೆಯನ್ನು ಹಿಡಿಯುವುದಕ್ಕೆ ಬೇಕಾದ ಸಾಧನ ಒದ್ದೆಗಲ್ಲನ್ನು ಹಿಡಿಯುವುದಕ್ಕೂ ಬೇಕು. ಮುಂದೆ ಬಂದ ವಿದ್ವಾಂಸರು ಇದು ಹಳ್ಳದ ಬಳಗಕ್ಕೆ ಸೇರಿದ್ದೆಂದು ನಿಶ್ಚಯಿಸಿ ‘ಮೈಕ್ರಿಕ್ಸಾಲಸ್’ ಕುಲಕ್ಕೆ ವರ್ಗಾಯಿಸಿದರು. ಹಾಗೆ ಕುಲ ಬದಲಾದಾಗ ಮೊದಲು ಹೆಸರಿಟ್ಟವನ ಹೆಸರನ್ನೂ ವರ್ಷವನ್ನೂ ಕಂಸದೊಳಗೆ ಬರೆಯುವುದು ಪ್ರಾಣಿಶಾಸ್ತ್ರದ ಸಂಪ್ರದಾಯ. ಆದ್ದರಿಂದ ಈ ಕಪ್ಪೆಯ ಹೆಸರಿನ ಮುಂದೆ ‘(ರಾವ್, 1937)’ ಎಂದು ಕಾಣುತ್ತದೆ. ಆ ಎರಡು ಗೆರೆಗಳನ್ನು ಓದಬಲ್ಲವನಿಗೆ ಒಂದು ಇಡೀ ಚರಿತ್ರೆ ಅದರಲ್ಲಿದೆ: ಮೊದಲು ಕಂಡವರು ಯಾರು, ಆಮೇಲೆ ತಿದ್ದುಪಡಿಯಾಯಿತು, ಆದರೂ ಮೊದಲು ಕಂಡವರ ಹಕ್ಕು ಅಳಿಯಲಿಲ್ಲ.

ಇದಕ್ಕಿಂತ ಗುರುತರವಾದ ಸಂಗತಿ ಇನ್ನೊಂದಿದೆ. ರಾಯರು ಕೂಡಿಟ್ಟ ಮೂಲ ಮಾದರಿಗಳು ಕಾಲಾಂತರದಲ್ಲಿ ಕಾಣದಾದವು. ಅವರ ಹೆಸರುಗಳು ಗ್ರಂಥಗಳಲ್ಲಿ ಉಳಿದವು, ಆ ಹೆಸರುಗಳಿಗೆ ಪ್ರಮಾಣವಾಗಿದ್ದ ದೇಹಗಳು ಇಲ್ಲವಾದವು. ಪರಿಣಾಮವಾಗಿ, ಮುಂದಿನ ತಲೆಮಾರಿನ ಸಂಶೋಧಕನ ಕೈಗೆ ಹಳ್ಳದ ಕಪ್ಪೆಯೊಂದು ಸಿಕ್ಕಿದಾಗ ಅದು ರಾಯರು ಕಂಡದ್ದೋ, ಅದರ ಸೋದರಸಂಬಂಧಿಯೋ ಎಂದು ತಾಳೆನೋಡುವುದು ದುಸ್ತರವಾಯಿತು.

ಇಂಥ ಸಂದರ್ಭಕ್ಕೆ ಅಂತರರಾಷ್ಟ್ರೀಯ ನಾಮಕರಣ ಸಂಹಿತೆಯಲ್ಲಿ ಒಂದು ಪರಿಹಾರವಿದೆ. ಅಗತ್ಯ ಬಿದ್ದಾಗ, ಕಳೆದುಹೋದ ಮೂಲ ಮಾದರಿಯ ಸ್ಥಾನದಲ್ಲಿ ಇನ್ನೊಂದನ್ನು ‘ನವಮಾದರಿ’ಯಾಗಿ ಆರಿಸಬಹುದು. ಆದರೆ ಸುಮ್ಮನೆ ಎಲ್ಲಿಂದಲೋ ತಂದದ್ದು ಆಗದು. ಸಾಧ್ಯವಾದಮಟ್ಟಿಗೂ ಅದು ಮೊದಲನೆಯದು ಸಿಕ್ಕಿದ ಸ್ಥಳದ ಸಮೀಪದಿಂದಲೇ ಬಂದಿರಬೇಕೆಂದು ನಿಯಮವಿದೆ. ಬೆಂಗಳೂರಿನಲ್ಲಿ ಸೀಸೆ ಕಳೆದುಹೋದರೆ ಉತ್ತರವನ್ನು ಕೊಟ್ಟಿಗೆಹಾರದ ಹಳ್ಳದಲ್ಲಿ ಹುಡುಕಬೇಕು. ಹಳ್ಳ ಇರುವತನಕ ಕಳೆದುಹೋದದ್ದನ್ನು ಮತ್ತೆ ಪಡೆಯುವ ದಾರಿ ಇದೆ. ಹಳ್ಳವೇ ಹೋದರೆ ಹೆಸರು ಬರಿಯ ವೀರಗಲ್ಲಿನ ಬರಹವಾಗುತ್ತದೆ.

ರಾಯರ ಶ್ರಮ ಮಾತ್ರ ವ್ಯರ್ಥವಾಗಲಿಲ್ಲ. 2010ರಲ್ಲಿ ದೆಹಲಿ ವಿಶ್ವವಿದ್ಯಾನಿಲಯದ ಎಸ್. ಡಿ. ಬಿಜು ಮತ್ತು ಅವರ ಸಂಗಡಿಗರು ಪಶ್ಚಿಮಘಟ್ಟದ ಪೊದೆಗಪ್ಪೆಗಳಿಗೆ ಒಂದು ಹೊಸ ಕುಲವನ್ನು ನಿರ್ಮಿಸಿ, ನಾರಾಯಣರಾಯರ ಸ್ಮರಣಾರ್ಥವಾಗಿ ಅದಕ್ಕೆ ‘ರಾವೋರ್ಕೆಸ್ಟಿಸ್’ ಎಂದು ಹೆಸರಿಟ್ಟರು. ಊರಿನ ಹೆಸರನ್ನು ಕಪ್ಪೆಗೆ ಕೊಟ್ಟವರ ಹೆಸರು ಹೀಗೆ ಒಂದು ಕಪ್ಪೆಯ ಕುಲಕ್ಕೇ ಬಂದಿತು.

ಕಾಲಿನ ಮಾತು

ಹೆಸರಿನ ಕಥೆ ಇಷ್ಟಾದರೆ, ಹೆಸರು ಹೊತ್ತ ಜೀವಿಯ ಬಾಳು ಇನ್ನೂ ಸ್ವಾರಸ್ಯವಾಗಿದೆ. ಗದ್ದೆಯ ಕಪ್ಪೆ ಮಳೆಗಾಲದ ರಾತ್ರಿಯಲ್ಲಿ ವಟಗುಟ್ಟಿದರೆ ಊರೆಲ್ಲ ಕೇಳುತ್ತದೆ. ಝರಿಯ ಪಕ್ಕದಲ್ಲಿ ಕುಳಿತ ಕಪ್ಪೆಯ ಪಾಡು ಬೇರೆ. ನೀರಿನ ಭೋರ್ಗರೆತದಲ್ಲಿ ಅದರ ಪುಟ್ಟ ಕಂಠ ಮುಳುಗಿಹೋಗಬಹುದು. ಆದುದರಿಂದ ಈ ಬಳಗದ ಗಂಡುಕಪ್ಪೆ ಕೂಗುವುದರ ಜೊತೆಗೆ ಇನ್ನೊಂದು ಉಪಾಯವನ್ನು ಹೂಡಿದೆ. ಕಲ್ಲಿನ ಮೇಲೆ ಕುಳಿತಂತೆಯೇ ಒಂದು ಹಿಂಗಾಲನ್ನು ಹಿಂದಕ್ಕೆ ನೀಳವಾಗಿ ಚಾಚಿ, ಬೆರಳುಗಳನ್ನು ಬಿಡಿಸಿ, ಅವುಗಳ ನಡುವಣ ಪೊರೆಯನ್ನು ಬಾವುಟದಂತೆ ಹರಡಿ ತೋರಿಸುತ್ತದೆ. ಆಮೇಲೆ ಇನ್ನೊಂದು ಕಾಲು. ಕಾಲಿನಿಂದ ಕಲ್ಲನ್ನು ತಟ್ಟುವುದೂ ಉಂಟು. ಎದುರಾಳಿ ಗಂಡಿಗೆ ‘ಈ ಕಲ್ಲು ನನ್ನದು’ ಎಂಬ ಎಚ್ಚರಿಕೆ ಅದರಲ್ಲಿದೆ. ಉತ್ತರಕನ್ನಡದ ಕತ್ತಲೆಕಾನಿನ ಹಳ್ಳಗಳಲ್ಲಿ ಕೆ. ವಿ. ಗುರುರಾಜ ಅವರೂ ಆಸ್ಟ್ರಿಯದ ಸಂಶೋಧಕರೂ ಕೂಡಿ ಈ ಸಂಕೇತಗಳನ್ನು ಅಭ್ಯಸಿಸಿ 2013ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಅದು ಪ್ರಕಟವಾದದ್ದು ನಾರಾಯಣರಾಯರು ಸಂಪಾದಿಸಿದ ಆ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿಯೇ. ಈ ನಡವಳಿಕೆಯಿಂದಾಗಿ ಜನ ಈ ಬಳಗವನ್ನು ನರ್ತಿಸುವ ಕಪ್ಪೆಗಳೆಂದು ಕರೆಯುತ್ತಾರೆ.

ಮುಂಗಾರಿನ ಅಬ್ಬರ ಇಳಿದು, ಕೆಂಪುನೀರು ತಿಳಿಯಾಗಿ, ಹಳ್ಳ ತನ್ನ ಪಾತ್ರಕ್ಕೆ ಮರಳಿದ ಮೇಲೆ ಇವುಗಳ ಸಂತಾನಕಾರ್ಯ. ಹೆಣ್ಣು ಹಳ್ಳದ ತಳದಲ್ಲಿ ಹಿಂಗಾಲುಗಳಿಂದ ಗುಳಿ ತೋಡಿ ಮೊಟ್ಟೆಯಿಟ್ಟು, ಮರಳು ನೊರಜುಗಲ್ಲುಗಳಿಂದ ಮುಚ್ಚುತ್ತದೆ ಎಂಬುದನ್ನು ಗುರುರಾಜರು 2010ರಲ್ಲಿ ಲೋಕಕ್ಕೆ ತಿಳಿಸಿದರು. ಗೊದಮೊಟ್ಟೆಗಳ ವಿಷಯವಂತೂ ಬಹುಕಾಲ ಒಗಟಾಗಿಯೇ ಇತ್ತು. 2016ರಲ್ಲಿ ಕೇರಳದ ಒಂದು ಪ್ರಭೇದದ ಗೊದಮೊಟ್ಟೆಗಳು ಪತ್ತೆಯಾದಾಗ ಅವು ಹಳ್ಳದ ತಳದ ಮರಳಿನೊಳಗೆ ಹುದುಗಿ ಬಾಳುತ್ತವೆಂದು ತಿಳಿಯಿತು. ಹಾವುಮೀನಿನಂತೆ ಬಳುಕುವ ದೇಹ, ಚರ್ಮ ಮುಚ್ಚಿದ ಕಣ್ಣು, ಹೊಟ್ಟೆಯಲ್ಲಿ ಮರಳು! ಹೀಗೆ ಮೊಟ್ಟೆಯಿಂದ ಮುಪ್ಪಿನವರೆಗೆ ಈ ಬಳಗದ ಬಾಳೆಲ್ಲವೂ ಹಳ್ಳದ ತಳ, ಹಳ್ಳದ ಕಲ್ಲು, ಹಳ್ಳದ ನೀರಿಗೆ ಕಟ್ಟುಬಿದ್ದಿದೆ. ಮರಳಿನ ಸಂದುಗಳಲ್ಲಿ ಹೂಳು ತುಂಬಿದರೆ ಅದರ ತೊಟ್ಟಿಲೇ ಮುಚ್ಚಿದಂತೆ.

ಒಂದರೊಳಗೆ ಹಲವು

2014ರಲ್ಲಿ ಬಿಜು, ಸೋನಾಲಿ ಗರ್ಗ್, ಗುರುರಾಜ ಮೊದಲಾದವರು ಈ ಬಳಗದ ಸಮಗ್ರ ಪರಿಷ್ಕರಣವನ್ನು ಪ್ರಕಟಿಸಿದರು. ಅಳತೆ, ಬಣ್ಣಗಳ ಜೊತೆಗೆ ಈಗ ಡಿಎನ್ಎ ಪರೀಕ್ಷೆಯ ಬಲವೂ ಸೇರಿತ್ತು. ಕಣ್ಣಿಗೆ ಒಂದೇ ಎಂದು ತೋರುತ್ತಿದ್ದ ಕಪ್ಪೆಗಳು ಬೆಟ್ಟದಿಂದ ಬೆಟ್ಟಕ್ಕೆ, ಕಣಿವೆಯಿಂದ ಕಣಿವೆಗೆ ಬೇರೆ ಬೇರೆಯೆಂದು ಅದರಿಂದ ಗೊತ್ತಾಯಿತು. ಒಂದೇ ಪ್ರಬಂಧದಲ್ಲಿ 14 ಹೊಸ ಪ್ರಭೇದಗಳು ವರ್ಣಿತವಾದವು. ಬಳಗದ ಒಟ್ಟು ಸಂಖ್ಯೆ 24ಕ್ಕೆ ಏರಿತು. ಅಷ್ಟೂ ಪಶ್ಚಿಮಘಟ್ಟದವು, ಲೋಕದಲ್ಲಿ ಬೇರೆಲ್ಲಿಯೂ ಇಲ್ಲದವು.

ಹೊಳೆಯಲ್ಲಿ ಬಾಳುವ ಜೀವಕ್ಕೆ ಬೆಟ್ಟದ ನೆತ್ತಿಯೇ ದೇಶದ ಗಡಿ. ಕೊಟ್ಟಿಗೆಹಾರದ ಸುತ್ತ ನಿಂತು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಒಂದು ಮಗ್ಗುಲಿಗೆ ಬಿದ್ದ ಮಳೆ ಚಾರ್ಮಾಡಿಯ ಝರಿಗಳಲ್ಲಿ ಧುಮುಕಿ ನೇತ್ರಾವತಿಯನ್ನು ಸೇರಿ ಪಡುಗಡಲಿಗೆ ಹೋಗುತ್ತದೆ. ಇನ್ನೊಂದು ಮಗ್ಗುಲಿನ ಮಳೆ ಜಾವಳಿಯಲ್ಲಿ ಹುಟ್ಟುವ ಹೇಮಾವತಿಯನ್ನು ಕೂಡಿ, ಕಾವೇರಿಯಾಗಿ, ಮೂಡುಗಡಲಿಗೆ ಸಾಗುತ್ತದೆ. ಕಳಸದ ಕಡೆಯ ಭದ್ರೆಯ ನೀರು ಕೃಷ್ಣೆಯನ್ನು ಸೇರುತ್ತದೆ. ಇಂಥ ನೆಲದಲ್ಲಿ ಒಂದು ಕಣಿವೆಯ ಜೀವ ಪಕ್ಕದ ಕಣಿವೆಯದಕ್ಕಿಂತ ಬೇರೆಯಾಗಿ ಬೆಳೆಯುವುದು ಅಚ್ಚರಿಯಲ್ಲ. 2008 ಮತ್ತು 2009ರಲ್ಲಿ ಜಪಾನಿನ ಹಾಗೂ ಭಾರತದ ಸಂಶೋಧಕರು ಈ ಸೀಮೆಯ ಕಪ್ಪೆಗಳಿಗೆ ‘ಕುದುರೆಮುಖೆನ್ಸಿಸ್’, ‘ಮೂಡಿಗೆರೆ’ ಎಂಬ ಹೆಸರುಗಳನ್ನಿಟ್ಟರು. ಕೊಟ್ಟಿಗೆಹಾರಕ್ಕೆ ಹೀಗೆ ನೆರೆಹೊರೆಯವರ ಜೊತೆ ಸಿಕ್ಕಿದೆ.

ಮನೆ ಕಟ್ಟುವ ಹುಳು

ಕಪ್ಪೆಗೆ ಬೆನ್ನೆಲುಬಿದೆ, ಕೂಗಿದೆ. ಆದುದರಿಂದ ಅದಕ್ಕೆ ಬೇಗ ಹೆಸರು ಸಿಕ್ಕಿತು. ಅದೇ ಹಳ್ಳದ ಅದೇ ಕಲ್ಲನ್ನು ಮಗುಚಿ ನೋಡಿದರೆ ಇನ್ನೊಂದು ಲೋಕ ಕಾಣುತ್ತದೆ. ಕಲ್ಲಿನ ಅಡಿಯಲ್ಲಿ ಮರಳಿನ ಕಣಗಳಿಂದ ಕಟ್ಟಿದ ಸಣ್ಣ ಕೊಳವೆಗಳು ಅಂಟಿಕೊಂಡಿರುತ್ತವೆ. ಕೆಲವು ಎಲೆಯ ತುಂಡುಗಳಿಂದ, ಕೆಲವು ಕಡ್ಡಿಯ ಚೂರುಗಳಿಂದ ಮಾಡಿದವು. ಒಳಗೊಂದು ಹುಳು ಇರುತ್ತದೆ. ಇದು ಕ್ಯಾಡಿಸ್ ನೊಣದ ಮರಿ. ಬಾಯಿಯ ಬಳಿಯ ಗ್ರಂಥಿಯಿಂದ ರೇಷ್ಮೆಯ ಎಳೆ ತೆಗೆದು, ನೀರಿನಲ್ಲಿಯೇ ಮರಳನ್ನು ಪೋಣಿಸಿ ತನ್ನ ಮನೆಯನ್ನು ತಾನೇ ಕಟ್ಟಿಕೊಳ್ಳುತ್ತದೆ. ಕೆಲವು ಬಗೆಯವು ಮನೆಯ ಬದಲು ಕಲ್ಲುಗಳ ನಡುವೆ ಬಲೆ ಹೆಣೆದು, ನೀರು ಹೊತ್ತುತರುವ ಆಹಾರವನ್ನು ಸೋಸಿ ತಿನ್ನುತ್ತವೆ. ಬೆಳೆದ ನೊಣ ಪತಂಗದಂತೆ ಕಾಣುತ್ತದೆ. ಅದರ ರೆಕ್ಕೆಯ ಮೇಲೆ ಪುಡಿಯ ಬದಲು ರೋಮ. ಶಾಸ್ತ್ರದಲ್ಲಿ ಈ ಗಣಕ್ಕೆ ‘ಟ್ರೈಕಾಪ್ಟೆರಾ’, ಅಂದರೆ ‘ರೋಮರೆಕ್ಕೆ’, ಎಂದು ಹೆಸರು. ಲೋಕದಲ್ಲಿ 16,000ಕ್ಕೂ ಹೆಚ್ಚು ಪ್ರಭೇದಗಳಿಗೆ ಈವರೆಗೆ ಹೆಸರಿಟ್ಟಿದ್ದಾರೆ.

ಇವುಗಳನ್ನು ವರ್ಣಿಸುವುದು ಕಪ್ಪೆಯನ್ನು ವರ್ಣಿಸುವುದಕ್ಕಿಂತ ಕಷ್ಟ. ರೆಕ್ಕೆಯ ಬಣ್ಣ ನೋಡಿ ನಿರ್ಣಯಿಸುವಂತಿಲ್ಲ. ರಾತ್ರಿ ಹಳ್ಳದ ದಂಡೆಯಲ್ಲಿ ದೀಪವಿಟ್ಟು, ಬೆಳಕಿಗೆ ಬಂದ ಗಂಡುನೊಣವನ್ನು ಮದ್ಯಸಾರದಲ್ಲಿ ಹಾಕಿ, ಅದರ ಹೊಟ್ಟೆಯ ತುದಿಯನ್ನು ಕ್ಷಾರದಲ್ಲಿ ತಿಳಿಗೊಳಿಸಿ, ಜನನಾಂಗದ ಭಾಗಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಹಲವು ಕೋನಗಳಿಂದ ಚಿತ್ರ ಬರೆದರೆ ಮಾತ್ರ ಇದು ಹೊಸದೋ ಹಳೆಯದೋ ಎಂದು ಹೇಳಬಹುದು. ಹಳ್ಳದಲ್ಲಿ ಸಿಕ್ಕ ಮರಿ ಯಾವ ನೊಣದ್ದು ಎಂಬುದು ಎಷ್ಟೋ ಸಲ ಆಗಲೂ ತಿಳಿಯದು. ಮನೆಯನ್ನು ನೋಡಿ ಮೋಸಹೋದವರೂ ಉಂಟು. ಅಮೆರಿಕದ ಐಸಾಕ್ ಲೀ ಎಂಬ ಮೃದ್ವಂಗಿಗಳ ಪಂಡಿತನು 1834ರಲ್ಲಿ ಮರಳುಕಣಗಳಿಂದಾದ ಒಂದು ಸುರುಳಿಚಿಪ್ಪನ್ನು ಹೊಸ ಬಗೆಯ ಬಸವನಹುಳುವೆಂದು ವರ್ಣಿಸಿ, ‘ಮರಳು ಹೊತ್ತದ್ದು’ ಎಂಬರ್ಥದ ಹೆಸರನ್ನೂ ಕೊಟ್ಟನು. ಅದು ನಿಜವಾಗಿ ಕ್ಯಾಡಿಸ್ ಮರಿ ಕಟ್ಟಿದ ಮನೆ! ಆ ಸುರುಳಿಮನೆಯವರ ಬಳಗಕ್ಕೆ ಈಗ ‘ಹೆಲಿಕೋಪ್ಸೈಕಿ’ ಎಂದು ಹೆಸರು.

ನಮ್ಮ ದೇಶದ ಕ್ಯಾಡಿಸ್ ನೊಣಗಳನ್ನು 1930ರ ದಶಕದಲ್ಲಿ ಇಂಗ್ಲೆಂಡಿನ ಮೋಸ್ಲಿ, ರಷ್ಯದ ಮಾರ್ತಿನೋವ್ ಮೊದಲಾದವರು ವರ್ಣಿಸಿದರು. ಮುಂದೆ ಫೆರ್ನಾಂಡ್ ಶ್ಮಿಡ್ ಎಂಬ ವಿದ್ವಾಂಸನು ಇಲ್ಲಿಯ ಬೆಟ್ಟಗಳನ್ನು ಸುತ್ತಿ ಅಪಾರ ಸಂಗ್ರಹ ಮಾಡಿದನು. 1980ರಲ್ಲಿ ತಮಿಳುನಾಡಿನ ಬೆಟ್ಟದ ತೊರೆಯ ಒಂದು ನೊಣಕ್ಕೆ ‘ಸ್ಟೆನೋಪ್ಸೈಕಿ ಕೊಡೈಕನಾಲೆನ್ಸಿಸ್’ ಎಂದು ಹೆಸರು ಬಂದಿತು. ಕೊಟ್ಟಿಗೆಹಾರದ ಕಪ್ಪೆಯ ಹೆಸರಿನಂತೆಯೇ ಇದರಲ್ಲಿಯೂ ಊರು ಕುಳಿತಿದೆ.

ನೊಣಕ್ಕೆ ಹೆಸರಿಟ್ಟರೆ ಲಾಭವೇನೆಂದು ಕೇಳುವವರಿಗೆ ಒಂದು ಮಾತು. ಕ್ಯಾಡಿಸ್ ಮರಿಗಳಲ್ಲಿ ಅನೇಕ ಬಗೆಯವು ತಂಪಾದ, ಪ್ರಾಣವಾಯು ತುಂಬಿದ, ಶುದ್ಧ ನೀರಿನಲ್ಲಿ ಮಾತ್ರ ಬಾಳಬಲ್ಲವು. ಕೆಲವು ಕೊಳಕನ್ನು ಸ್ವಲ್ಪಮಟ್ಟಿಗೆ ಸಹಿಸುತ್ತವೆ. ಹಾಗಾಗಿ ಒಂದು ಹಳ್ಳದಲ್ಲಿ ಯಾವ ಹುಳುಗಳಿವೆ ಎಂದು ನೋಡಿ ಆ ನೀರಿನ ಆರೋಗ್ಯವನ್ನು ಹೇಳಬಹುದು. ಸೀಸೆಯಲ್ಲಿ ತುಂಬಿ ತಂದ ನೀರು ಆ ಗಳಿಗೆಯ ಸ್ಥಿತಿಯನ್ನಷ್ಟೇ ತಿಳಿಸುತ್ತದೆ. ಹುಳು ತಿಂಗಳುಗಟ್ಟಲೆ ಅದೇ ನೀರಿನಲ್ಲಿ ಬಾಳಿ ಕಂಡದ್ದನ್ನು ತಿಳಿಸುತ್ತದೆ. ಕೆ. ಎ. ಸುಬ್ರಮಣಿಯನ್ ಮತ್ತು ಕೆ. ಜಿ. ಶಿವರಾಮಕೃಷ್ಣನ್ ಅವರು 2007ರಲ್ಲಿ ಬೆಂಗಳೂರಿನ ‘ಏಟ್ರೀ’ ಸಂಸ್ಥೆಯ ಮೂಲಕ ಇಂಥ ಪರೀಕ್ಷೆಗೊಂದು ಕೈಪಿಡಿಯನ್ನೇ ಬರೆದುಕೊಟ್ಟರು. ಹುಳುವಿನ ಗುರುತು ಸರಿಯಾಗಿದ್ದಷ್ಟೂ ಅದರ ಸಾಕ್ಷ್ಯಕ್ಕೆ ಬೆಲೆ ಹೆಚ್ಚು.

ಹಳ್ಳದ ಹೊಣೆ

ಮಲೆನಾಡಿನ ಹಳ್ಳಗಳಿಗೆ ಬಂದ ಕಷ್ಟಗಳನ್ನು ಇಲ್ಲಿಯ ಜನರಿಗೆ ವಿವರಿಸಿ ಹೇಳಬೇಕಾಗಿಲ್ಲ. ಕುದುರೆಮುಖದ ಕಬ್ಬಿಣದ ಗಣಿ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ನಿಂತಿತು. ಅದಕ್ಕೆ ಮೊದಲು ಗಣಿಯ ಮಣ್ಣು ಮಳೆಗಾಲದಲ್ಲಿ ಭದ್ರೆಗೆ ಇಳಿಯುತ್ತಿದ್ದುದು ಆ ದಂಡೆಯವರಿಗೆಲ್ಲ ತಿಳಿದ ವಿಷಯ. 2019ರ ಆಗಸ್ಟಿನ ಮಹಾಮಳೆಯಲ್ಲಿ ಮೂಡಿಗೆರೆ ಸೀಮೆಯ ಗುಡ್ಡಗಳು ಕುಸಿದು, ಮನೆಮಠಗಳು ಹಾಳಾಗಿ, ಚಾರ್ಮಾಡಿಯ ರಸ್ತೆಯೂ ಮುಚ್ಚಿತು. ಗುಡ್ಡ ಕುಸಿದಾಗ ಮಣ್ಣೆಲ್ಲ ಹೋಗಿ ನಿಲ್ಲುವುದು ಹಳ್ಳದಲ್ಲಿಯೇ.

ಇವು ದೊಡ್ಡ ವಿಪತ್ತುಗಳು. ಸದ್ದಿಲ್ಲದೆ ನಡೆಯುವ ಸಣ್ಣವೂ ಇವೆ. ಕಾಫಿ ಹೂವರಳಿಸುವುದಕ್ಕಾಗಿ ಫೆಬ್ರವರಿ, ಮಾರ್ಚಿಯಲ್ಲಿ ಹಳ್ಳಕ್ಕೆ ಪಂಪು ಇಟ್ಟು ಸ್ಪ್ರಿಂಕ್ಲರ್ ಹಾರಿಸುತ್ತಾರೆ. ಹಳ್ಳದಲ್ಲಿ ನೀರು ಬಡವಾಗಿರುವ ತಿಂಗಳುಗಳೂ ಅವೇ. ಕೊಯ್ಲಿನ ಕಾಲದಲ್ಲಿ ಪಲ್ಪರ್ ಮನೆಯಿಂದ ಹೊರಟ ಸಿಪ್ಪೆಯ ನೀರು ಹಾಗೆಯೇ ಹಳ್ಳವನ್ನು ಸೇರಿದರೆ, ಅದು ಕೊಳೆಯುವಾಗ ನೀರಿನೊಳಗಿನ ಪ್ರಾಣವಾಯುವೆಲ್ಲ ತೀರುತ್ತದೆ. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಗಿಡವನ್ನು ರೋಗದಿಂದ ಉಳಿಸುತ್ತದೆ. ಅದರ ತಾಮ್ರ ನೀರಿಗಿಳಿದರೆ ಜಲಚರಗಳಿಗೆ ವಿಷ. ತೋಟಗಾರನನ್ನು ಇಲ್ಲಿ ದೂಷಿಸುತ್ತಿಲ್ಲ. ಮರದ ನೆರಳಿನಲ್ಲಿ ಕಾಫಿ ಬೆಳೆಯುವ ನಮ್ಮ ಪದ್ಧತಿ ಹಳ್ಳಕ್ಕೂ ನೆರಳನ್ನು ಉಳಿಸಿಕೊಟ್ಟಿದೆ. ಬೋಳುಗುಡ್ಡದ ಹಳ್ಳಕ್ಕಿಂತ ಹಳೆಯ ಕಾಫಿತೋಟದ ಹಳ್ಳ ಎಷ್ಟೋ ಮೇಲು. ಆ ಉಪಕಾರ ಪೂರ್ಣವಾಗಬೇಕಾದರೆ ಹಳ್ಳದ ಎರಡು ದಂಡೆಗಳಲ್ಲಿ ನಾಲ್ಕು ಮಾರು ಕಾಡನ್ನು ಬಿಡಬೇಕು, ಪಲ್ಪರ್ ನೀರನ್ನು ಗುಂಡಿಯಲ್ಲಿ ತಡೆಯಬೇಕು, ಸಿಂಪಡಿಸುವಾಗ ದಂಡೆಯಿಂದ ದೂರವಿರಬೇಕು, ಬೇಸಗೆಯಲ್ಲಿ ಹಳ್ಳಕ್ಕೂ ಒಂದು ಪಾಲು ನೀರು ಉಳಿಸಬೇಕು.

2012ರಲ್ಲಿ ಪಶ್ಚಿಮಘಟ್ಟದ ಆಯ್ದ ಭಾಗಗಳು ವಿಶ್ವಪರಂಪರೆಯ ಪಟ್ಟಿಯನ್ನು ಸೇರಿದಾಗ ಕುದುರೆಮುಖದ ರಾಷ್ಟ್ರೀಯ ಉದ್ಯಾನವೂ ಅದರಲ್ಲಿ ಸೇರಿತು. 2023ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆ ಲೋಕದ ಉಭಯಚರಗಳಲ್ಲಿ ನೂರಕ್ಕೆ 40.7ರಷ್ಟು ಪ್ರಭೇದಗಳು ಅಳಿವಿನ ಅಂಚಿಗೆ ಸರಿಯುತ್ತಿವೆಯೆಂದು ಲೆಕ್ಕಹಾಕಿತು. ಇಂಥ ಪಟ್ಟಿಯಲ್ಲಿ ಸೇರಬೇಕಾದರೂ ಜೀವಿಗೆ ಮೊದಲು ಹೆಸರಿರಬೇಕು. ಹೆಸರಿಲ್ಲದ್ದು ಅಳಿದರೆ ಅಳಿದದ್ದನ್ನೂ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಲ್ಲಿನಡಿಯ ಮರಳುಮನೆಯ ಹುಳುಗಳಲ್ಲಿ ಎಷ್ಟೋ ಇಂದಿಗೂ ಆ ಸ್ಥಿತಿಯಲ್ಲಿಯೇ ಇವೆ. ಅವಕ್ಕೂ ಒಬ್ಬ ನಾರಾಯಣರಾಯರು ಬೇಕು. ಅಂಥವರು ಬಣಕಲ್ಲು, ಕಳಸ, ಮೂಡಿಗೆರೆಯ ಶಾಲೆಗಳಿಂದಲೇ ಏಕೆ ಬರಬಾರದು? ಸೂಕ್ಷ್ಮದರ್ಶಕವನ್ನು ದುಡ್ಡು ಕೊಟ್ಟು ತರಬಹುದು. ಹಳ್ಳ ಯಾವಾಗ ಕೆಂಪಾಗುತ್ತದೆ, ಯಾವಾಗ ತಿಳಿಯಾಗುತ್ತದೆ, ಯಾವ ಕಲ್ಲಿನ ಬಳಿ ಯಾವ ಜೀವ ಕೂರುತ್ತದೆ ಎಂಬ ಪರಿಚಯ ಅಲ್ಲಿ ಹುಟ್ಟಿ ಬೆಳೆದವರಿಗೆ ಸಹಜವಾಗಿಯೇ ಇದೆ.

ಕೊಟ್ಟಿಗೆಹಾರದವರು ಯಾರನ್ನೂ ಕೇಳದೆಯೇ ಅವರ ಊರಿನ ಹೆಸರು ಒಂದು ಕಪ್ಪೆಗೆ ಹೋಯಿತು. ನಾಮಕರಣದ ದಿನ ತೊಟ್ಟಿಲ ಬಳಿ ಊರಿನವರು ಯಾರೂ ಇರಲಿಲ್ಲ. ಆದರೂ ಮಗು ಊರಿನದೇ. ಮುಂಗಾರು ಇಳಿದ ಮೇಲೆ ಒಂದು ಬೆಳಗ್ಗೆ ಊರಿನ ಮಕ್ಕಳನ್ನು ಹಳ್ಳದ ದಂಡೆಗೆ ಕರೆದೊಯ್ದು, ಸದ್ದುಮಾಡದೆ ಕುಳ್ಳಿರಿಸಿ, ಕಲ್ಲಿನ ಮೇಲೆ ಕಾಲು ಚಾಚುವ ಆ ಪುಟ್ಟ ಜೀವವನ್ನು ತೋರಿಸಿ, ಅದರ ಪೂರ್ತಿ ಹೆಸರನ್ನು ಒಮ್ಮೆ ಹೇಳಿಕೊಟ್ಟರೆ ಸಾಕು. ಹೆಸರಿನ ಕೊನೆಯಲ್ಲಿ ತಮ್ಮ ಊರು ಕೇಳಿಸಿದಾಗ ಅವರಲ್ಲಿ ಒಬ್ಬರಾದರೂ ತಿರುಗಿ ನೋಡುತ್ತಾರೆ.